ಮಗು ಕಾಗದದ ಗೊಂಬೆ ತಂದರೆ: ಅಮೆರಿಕದ ಶಾಲೆಗಳ ಫ್ಲ್ಯಾಟ್ ಸ್ಟಾನ್ಲಿ

ಅಮೆರಿಕದಲ್ಲಿ ಮಗು ಎರಡನೇ ಅಥವಾ ಮೂರನೇ ಗ್ರೇಡಿನಲ್ಲಿದ್ದರೆ ಒಂದಲ್ಲ ಒಂದು ದಿನ ಅದರ ಬ್ಯಾಗಿನಿಂದ ಹೀಗೊಂದು ಚೀಟಿ ಹೊರಗೆ ಬರಬಹುದು: 'ಬೇರೆ ಊರಲ್ಲೋ ಬೇರೆ ದೇಶದಲ್ಲೋ ಇರುವ ನಿಮ್ಮವರೊಬ್ಬರ ವಿಳಾಸ ಬರೆದು ಕಳಿಸಿ. ಫ್ಲ್ಯಾಟ್ ಸ್ಟಾನ್ಲಿ ಅವರ ಮನೆಗೆ ಹೋಗಲಿದ್ದಾನೆ.' ನಮ್ಮ ಮನೆಗೆ ಇದು ಬಂದಾಗ ನಾನು, ನನ್ನ ಗಂಡ ಮುಖ ಮುಖ ನೋಡಿಕೊಂಡೆವು. ಫ್ಲ್ಯಾಟ್ ಅಂದಿದ್ದಕ್ಕೆ ಶಾಲೆಯವರು ಅಪಾರ್ಟ್‌ಮೆಂಟಿನ ಬಗ್ಗೆ ಏನೋ ಕೇಳುತ್ತಿದ್ದಾರೆ ಅಂತ ಅವರು ಅಂದುಕೊಂಡರು. ಸ್ಟಾನ್ಲಿ ಕ್ಲಾಸಿಗೆ ಹೊಸದಾಗಿ ಸೇರಿದ ಹುಡುಗ ಇರಬೇಕು ಅಂತ ನಾನು. ಅವನನ್ನು ಯಾಕಪ್ಪಾ ನಮ್ಮ ನೆಂಟರ ಮನೆಗೆ ಕಳಿಸುತ್ತಾರೆ?

ಸ್ಟಾನ್ಲಿ ಕಥೆಯೊಳಗಿನ ಹುಡುಗ. ಜೆಫ್ ಬ್ರೌನ್ ಬರೆದು 1964ರಲ್ಲಿ ಬಂದ ಮಕ್ಕಳ ಪುಸ್ತಕ ಅದು. ರಾತ್ರಿ ಮಲಗಿದ್ದವನ ಮೇಲೆ ಗೋಡೆಯ ಬೋರ್ಡು ಬಿದ್ದು, ಬೆಳಗ್ಗೆ ನೋಡಿದರೆ ಹುಡುಗ ದೋಸೆ ಹಾಗೆ ಚಪ್ಪಟೆ. ನಾಲ್ಕಡಿ ಉದ್ದ, ಒಂದಡಿ ಅಗಲ, ಅರ್ಧ ಇಂಚು ದಪ್ಪ. ರೈಲು, ವಿಮಾನದ ಟಿಕೆಟ್ಟು ದುಬಾರಿ ಅಂತ ಅಪ್ಪ ಅಮ್ಮ ಅವನನ್ನು ಲಕೋಟೆಗೆ ಹಾಕಿ ಕ್ಯಾಲಿಫೋರ್ನಿಯಾದ ಗೆಳೆಯನ ಮನೆಗೆ ಅಂಚೆಯಲ್ಲಿ ಕಳಿಸಿಬಿಡುತ್ತಾರೆ. ಪಬ್ಲಿಕ್ ಲೈಬ್ರರಿಯಲ್ಲಿ ಸುಲಭವಾಗಿ ಸಿಗುವ ಪುಸ್ತಕ. ಮೊದಲು ಮಗುವಿನ ಜೊತೆ ಕೂತು ಓದಿಬಿಡಿ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಈ ಕಥೆಯನ್ನು ಶಾಲೆಯ ಪಾಠವಾಗಿ ಮಾಡಿದವರು ಕೆನಡಾದವರು. ಒಂಟಾರಿಯೊ ಪ್ರಾಂತ್ಯದಲ್ಲೂ ಒಂದು ಲಂಡನ್ ಇದೆ. ಅಲ್ಲಿ ಮೂರನೇ ಗ್ರೇಡಿನ ಮೇಷ್ಟ್ರಾಗಿದ್ದ ಡೇಲ್ ಹ್ಯೂಬರ್ಟ್ 1995ರಲ್ಲಿ ಶುರು ಮಾಡಿದರು. ಮಕ್ಕಳು ಸ್ಟಾನ್ಲಿಯ ಚಿತ್ರ ಬರೆದು, ಕತ್ತರಿಸಿ, ದೂರದವರಿಗೆ ಕಳಿಸುತ್ತಾರೆ. ಅವರು ಅವನನ್ನು ಕೆಲವು ದಿನ ಅತಿಥಿ ಹಾಗೆ ಇಟ್ಟುಕೊಂಡು, ಅವನು ಏನೇನು ನೋಡಿದ ಅಂತ ಪತ್ರ ಬರೆದು ವಾಪಸ್ ಕಳಿಸುತ್ತಾರೆ. ಅಮೆರಿಕದ ಶಾಲೆಗಳಿಗೆ ಇದು ಎಷ್ಟು ಒಗ್ಗಿಹೋಗಿದೆ ಅಂದರೆ, 2009ರ ಜನವರಿಯಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿಯಿತಲ್ಲ, ಅದರಲ್ಲೂ ಪ್ರಯಾಣಿಕರೊಬ್ಬರ ಬ್ರೀಫ್‌ಕೇಸಿನಲ್ಲಿ ಒಬ್ಬ ಸ್ಟಾನ್ಲಿ ಇದ್ದ. ಅವನೂ ಪಾರಾದ.

ಎಲ್ಲ ಟೀಚರೂ ಅದೇ ಹೆಸರು ಇಡುವುದಿಲ್ಲ. ಕೆಲವು ಕಡೆ ಅವಳು ಸ್ಟೆಲ್ಲಾ. ಇನ್ನು ಕೆಲವು ಕಡೆ ಮಗು ತನ್ನದೇ ಚಿತ್ರ ಬರೆದು ತನ್ನನ್ನೇ ಕಳಿಸಿಕೊಳ್ಳುತ್ತದೆ.

ಇಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಒಂದಿದೆ, ನಾನೂ ಮಾಡಿದ್ದೇನೆ. ಇದನ್ನು ಕ್ರಾಫ್ಟ್ ಸ್ಪರ್ಧೆ ಅಂದುಕೊಳ್ಳುವುದು. ರಾತ್ರಿ ಹನ್ನೊಂದಕ್ಕೆ ಮಗು ಗೊರಕೆ ಹೊಡೆಯುತ್ತಿತ್ತು, ನಾನು ಸ್ಟಾನ್ಲಿಗೆ ಜರಿ ಪೇಟ ಅಂಟಿಸುತ್ತಿದ್ದೆ. ಟೀಚರಿಗೆ ಬೇಕಿರುವುದು ಅದಲ್ಲ. ಪತ್ರ ಬರೆಯುವುದು, ಲಕೋಟೆ ಮೇಲೆ ವಿಳಾಸ ಬರೆಯುವುದು, ನಕ್ಷೆಯಲ್ಲಿ ಊರು ಹುಡುಕುವುದು, ಬೇರೆಯವರ ದಿನ ಹೇಗಿರುತ್ತದೆ ಅಂತ ತಿಳಿಯುವುದು, ಇದಕ್ಕೇ ಈ ಪಾಠ. ಚಿಕ್ಕ ಗ್ರೇಡುಗಳಲ್ಲಿ ನೂರಕ್ಕೆ ಇಷ್ಟು ಅನ್ನುವ ಅಂಕವೇ ಬಹಳ ಕಡೆ ಇಲ್ಲ. ಸೊಟ್ಟ ಮೂಗಿನ ಸ್ಟಾನ್ಲಿ ಸೊಟ್ಟ ಮೂಗಿನಲ್ಲೇ ಹೋಗಲಿ.

ಯಾರಿಗೆ ಕಳಿಸುವುದು? ಇಂಡಿಯಾಕ್ಕೆ ಅಂತ ಆಸೆ ಆಗುವುದು ಸಹಜ, ಅಲ್ವಾ. ಆದರೆ ಮೊದಲು ಕ್ಯಾಲೆಂಡರ್ ನೋಡಿ. ಇಲ್ಲಿನ ಶಾಲೆಗಳು ಮೇ ಕೊನೆಯಿಂದ ಜೂನ್ ಕೊನೆಯೊಳಗೆ ಮುಚ್ಚುತ್ತವೆ, ಶಾಲಾ ಜಿಲ್ಲೆಯಿಂದ ಶಾಲಾ ಜಿಲ್ಲೆಗೆ ಬೇರೆ ಬೇರೆ. ಇಂಡಿಯಾಕ್ಕೆ ಮಾಮೂಲಿ ಅಂಚೆಯಲ್ಲಿ ಹೋಗಿ ಬರಲು ವಾರಗಟ್ಟಲೆ ಬೇಕು. ಚೀಟಿ ಜನವರಿಯಲ್ಲಿ ಬಂದರೆ ಧೈರ್ಯವಾಗಿ ಊರಿಗೆ ಕಳಿಸಿ. ಏಪ್ರಿಲ್‌ನಲ್ಲಿ ಬಂದರೆ ಬೇರೆ ರಾಜ್ಯದಲ್ಲಿರುವ ಗೆಳೆಯರೇ ಗತಿ. ಊರಿಗೇ ಕಳಿಸಬೇಕು ಅಂದರೆ ಟೀಚರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ: ಪತ್ರ ಮತ್ತು ಫೋಟೋ ಸ್ಕ್ಯಾನ್ ಮಾಡಿ ಕಳಿಸಿದರೆ ಆಗುತ್ತಾ? ಹೀಗೆ ಕೇಳುವುದನ್ನು ಇಲ್ಲಿ ಯಾರೂ ಅಧಿಕಪ್ರಸಂಗ ಅಂದುಕೊಳ್ಳುವುದಿಲ್ಲ. ಗೊತ್ತಿಲ್ಲದೆ ಸುಮ್ನೆ ಕೂತರೇ ಕಷ್ಟ.

ಈಗ ಅಂಚೆ. ಕೆಲವು ಟೀಚರು ತಾವೇ ಕಳಿಸುತ್ತಾರೆ, ಕೆಲವರು ನಮಗೇ ಬಿಡುತ್ತಾರೆ. ಅಮೆರಿಕದ ಅಂಚೆಯಲ್ಲಿ ಲಕೋಟೆ 11½ ಇಂಚು ಉದ್ದ, 6⅛ ಇಂಚು ಅಗಲ, ಕಾಲು ಇಂಚು ದಪ್ಪದೊಳಗೆ ಇದ್ದರೆ ಮಾತ್ರ ಅದು ಲೆಟರ್. ಅದಕ್ಕಿಂತ ದೊಡ್ಡದಾದರೆ ದರ ಜಾಸ್ತಿ. ಆ ದೊಡ್ಡ ಲಕೋಟೆಗೆ ಅಂಚೆಯವರು ಇಟ್ಟ ಹೆಸರೇ 'ಫ್ಲ್ಯಾಟ್'! ಹಾಗಂತ ಕಥೆಯ ಸ್ಟಾನ್ಲಿ ಅದರಲ್ಲೂ ಹಿಡಿಸುವುದಿಲ್ಲ. ಫ್ಲ್ಯಾಟಿನ ಉದ್ದ 15 ಇಂಚಿಗೇ ಮುಗಿಯುತ್ತದೆ, ನಾಲ್ಕಡಿ ಹುಡುಗ ಪಾರ್ಸೆಲ್ಲೇ ಆಗಬೇಕು. ನಿಮ್ಮ ಸ್ಟಾನ್ಲಿಯನ್ನು ತೆಳು ಕಾಗದದಲ್ಲಿ ಮಾಡಿಸಿ, ಮಡಚಿ ಹಾಕಿ. ದಪ್ಪ ರಟ್ಟು, ಗುಂಡಿ, ಮಣಿ ಅಂಟಿಸಿದರೆ ಲಕೋಟೆ ಅಂಚೆ ವಿಂಗಡಿಸುವ ಮೆಷಿನ್ನಿನಲ್ಲಿ ಹೋಗುವುದಿಲ್ಲ, ಅದಕ್ಕೆ ಬೇರೆ ಶುಲ್ಕ. ದೇಶದೊಳಗೆ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂವರೆಗೆ ಒಂದು ಫಾರೆವರ್ ಸ್ಟ್ಯಾಂಪ್ (ದರ ಏರಿದರೂ ನಡೆಯುವ ಸ್ಟ್ಯಾಂಪ್) ಸಾಕು. ಹೊರದೇಶಕ್ಕೆ ಅದೇ ತೂಕಕ್ಕೆ ಒಂದು ಗ್ಲೋಬಲ್ ಸ್ಟ್ಯಾಂಪ್. ವಿಳಾಸದ ಕೊನೆಯ ಸಾಲಿನಲ್ಲಿ ದೇಶದ ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ಮೇಲಿನ ಸಾಲುಗಳಲ್ಲಿ ಆರಂಕಿಯ ಪಿನ್ ಕೋಡ್ ಮರೆಯಬೇಡಿ.

ಜೊತೆಗೆ ಒಂದು ಚಾಕೊಲೇಟು, ಒಂದು ಫ್ರಿಜ್ ಮ್ಯಾಗ್ನೆಟ್ಟು ಅಂತ ತುರುಕಬೇಡಿ. ಹೊರದೇಶಕ್ಕೆ ಹೋಗುವ ಲೆಟರಿನಲ್ಲಿ ಕಾಗದಪತ್ರ ಮಾತ್ರ ಇರಬಹುದು. ವಸ್ತು ಸೇರಿದರೆ ಅದು ಪ್ಯಾಕೇಜು, ಕಸ್ಟಮ್ಸ್ ಫಾರಂ ತುಂಬಬೇಕು, ಖರ್ಚೂ ಹಲವು ಪಟ್ಟು.

ಇನ್ನೊಂದು ಚೀಟಿಯಲ್ಲಿ 'ಸ್ಟ್ಯಾಂಪ್ ಹಚ್ಚಿದ, ನಿಮ್ಮ ವಿಳಾಸ ಬರೆದ ಲಕೋಟೆಯನ್ನೂ ಒಳಗಿಡಿ' ಅಂತ ಇರುತ್ತದೆ. ಅಮೆರಿಕದೊಳಗೆ ಇದು ಸರಿ. ಊರಿಗೆ ಕಳಿಸುವಾಗ ಅಮೆರಿಕದ ಸ್ಟ್ಯಾಂಪಿಗೆ ಅಲ್ಲಿ ಬೆಲೆಯಿಲ್ಲ. ಇದಕ್ಕೆಂದೇ ಹಿಂದೆ ರಿಪ್ಲೈ ಕೂಪನ್ ಅಂತ ಇತ್ತು, ಅದನ್ನು ಕೊಟ್ಟು ಅಲ್ಲಿನ ಸ್ಟ್ಯಾಂಪ್ ಪಡೆಯಬಹುದಿತ್ತು; ಇಲ್ಲಿನ ಅಂಚೆಯವರು 2013ರಲ್ಲಿ ಅದರ ಮಾರಾಟ ನಿಲ್ಲಿಸಿದರು. ಹಾಗಾಗಿ ವಿಳಾಸ ಬರೆದ ಖಾಲಿ ಲಕೋಟೆ ಇಡಿ, ಸ್ಟ್ಯಾಂಪನ್ನು ಅವರೇ ಅಲ್ಲಿನ ಅಂಚೆ ಕಚೇರಿಯಲ್ಲಿ ಹಚ್ಚಲಿ. ವಾಪಸ್ ವಿಳಾಸ ಶಾಲೆಯದಾದರೆ ಟೀಚರ ಹೆಸರು, ರೂಮ್ ನಂಬರ್ ಇರಬೇಕು. ಇಲ್ಲದಿದ್ದರೆ ಆಫೀಸಿನ ಮೇಜಿನ ಮೇಲೆ ಸ್ಟಾನ್ಲಿ ಅನಾಥ.

ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ಕನ್ನಡದಲ್ಲಿ ಒಂದು ಹಾಳೆ ಬರೆದಿಡಿ. ಟೀಚರ ಇಂಗ್ಲಿಷ್ ಪತ್ರವೇ ಸಾಕು ಅಂತ ನಾನು ಬಿಟ್ಟಿದ್ದೆ. ಅತ್ತೆಗೆ ಗೊಂಬೆ ತಲುಪಿತು. ಮೊಮ್ಮಗ ಕೈಯಾರೆ ಮಾಡಿ ಕಳಿಸಿದ ಉಡುಗೊರೆ ಅಂತ ಅದನ್ನು ಶೋಕೇಸಿನಲ್ಲಿ ಇಟ್ಟುಬಿಟ್ಟರು. ಇಲ್ಲಿ ಸ್ಟಾನ್ಲಿಗಳು ಹೋದ ಊರಿಗೆಲ್ಲ ಪಿನ್ನು ಚುಚ್ಚಿದ ಕ್ಲಾಸಿನ ನಕ್ಷೆಯಲ್ಲಿ ನಮ್ಮ ಹುಡುಗನ ಪಿನ್ನಿನ ಪಕ್ಕ ಮಾತ್ರ ತಿಂಗಳಾದರೂ ಖಾಲಿ. ಫೋನ್ ಮಾಡಿ 'ಅತ್ತೆ, ಅದನ್ನ ವಾಪಸ್ ಕಳಿಸಬೇಕಿತ್ತು' ಅಂದರೆ, 'ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರೇನಮ್ಮ?' ಅಂದರು. ನ್ಯಾಯವೇ.

ಏನು ಬರೆಯಬೇಕು ಅಂತಲೂ ಆ ಹಾಳೆಯಲ್ಲಿ ಹೇಳಿ. ನಮ್ಮವರು ಕೂಡಲೇ ಅರಮನೆ, ದೇವಸ್ಥಾನ, ಜಲಪಾತಕ್ಕೆ ಹೊರಡುತ್ತಾರೆ. ಅವುಗಳ ಫೋಟೋ ಮಕ್ಕಳಿಗೆ ಎಲ್ಲಾದರೂ ಸಿಗುತ್ತದೆ. ಬೆಳಗ್ಗೆ ಹಾಲು ಹೇಗೆ ಬರುತ್ತದೆ, ಮನೆ ಮುಂದೆ ರಂಗೋಲಿ ಯಾಕೆ, ಕರೆಂಟ್ ಹೋದಾಗ ಸ್ಟಾನ್ಲಿ ಏನು ಮಾಡಿದ, ಇದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಪತ್ರ ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಅನುವಾದವನ್ನು ಮಗುವಿಂದ ಮಾಡಿಸಿ ಕೆಳಗೆ ಅಂಟಿಸಿ. ಮುಂದಿನ ಸಲ ಅತ್ತೆ ಹಾಗೇ ಬರೆದರು, ಆ ಹಾಳೆ ಕ್ಲಾಸಿನ ಬಾಗಿಲಲ್ಲಿ ವರ್ಷವಿಡೀ ಇತ್ತು. ದುಂಡಗಿನ ಅಕ್ಷರ ನೋಡಿ ಮಕ್ಕಳು ಅದನ್ನು ನಕಲು ಮಾಡಲು ನೋಡುತ್ತಿದ್ದರಂತೆ.

ಫೋಟೋ ವಿಚಾರದಲ್ಲಿ ಇಲ್ಲಿನವರು ಬಿಗಿ. ಸ್ಟಾನ್ಲಿ ಜೊತೆ ಕ್ಲಾಸಿನ ಬೇರೆ ಮಕ್ಕಳ ಮುಖ ಇರುವ ಫೋಟೋ ಸಿಕ್ಕರೆ ಅದನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಶಾಲಾ ವರ್ಷದ ಶುರುವಿನಲ್ಲಿ ಓದದೆ ಸಹಿ ಹಾಕಿದ ಫಾರಂಗಳ ಕಟ್ಟಿನಲ್ಲಿ ಫೋಟೋ ಅನುಮತಿಯದೂ ಒಂದು ಇರುತ್ತದೆ. ಬೇಡ ಅನ್ನುವ ಹಕ್ಕು ನಿಮಗಿದೆ. ವಿದ್ಯಾರ್ಥಿಗಳ ದಾಖಲೆಯ ಗೌಪ್ಯತೆ ಕಾಯುವ 1974ರ ಫೆರ್ಪಾ ಕಾಯ್ದೆಯಂತೆ, ಮಗುವಿನ ಹೆಸರು ವಿಳಾಸದಂಥ ವಿವರವನ್ನು ಹೊರಗಿನವರಿಗೆ ಕೊಡಬೇಡಿ ಅಂತ ಶಾಲೆಗೆ ಬರೆದು ಕೊಡಲೂಬಹುದು. ಗೊಂಬೆಯ ಬೆನ್ನ ಮೇಲೆ ಮಗುವಿನ ಮೊದಲ ಹೆಸರಷ್ಟೇ ಇರಲಿ.

ಕಳಿಸುವ ಮುಂಚೆ ಗೊಂಬೆಯದೊಂದು ಫೋಟೋ ತೆಗೆದಿಡಿ. ಅಂಚೆಯಲ್ಲಿ ಕಳೆದುಹೋದರೆ ಪ್ರಿಂಟ್ ಹಾಕಿ ಇನ್ನೊಬ್ಬನನ್ನು ಕತ್ತರಿಸಬಹುದು. ಟೀಚರಿಗೆ ನಿಜ ಹೇಳಿ, ಅವರಿಗೆ ಇದು ಹೊಸದೇನಲ್ಲ.

ನಿಮ್ಮ ಮನೆಗೇ ಯಾರದೋ ಸ್ಟಾನ್ಲಿ ಬಂದರೆ? ಮೊದಲು ವಾಪಸ್ ಹೋಗಬೇಕಾದ ತಾರೀಕು ನೋಡಿ, ಫ್ರಿಜ್ ಮೇಲೆ ಅಂಟಿಸಿ. ಎರಡು ದಿನ ಸಾಕು. ಆಫೀಸಿಗೆ ಕರೆದುಕೊಂಡು ಹೋಗಿ, ಅಡುಗೆಮನೆಯಲ್ಲಿ ಒಗ್ಗರಣೆಯಿಂದ ಸ್ವಲ್ಪ ದೂರ ನಿಲ್ಲಿಸಿ, ಮೂರು ನಾಲ್ಕು ಫೋಟೋ, ಒಂದು ಪುಟದ ಪತ್ರ. ನಮ್ಮಲ್ಲಿಗೆ ಟೆಕ್ಸಾಸಿನಿಂದ ಬಂದವನ ಅಂಗಿ ಮೇಲೆ ಅರಿಶಿನದ ಕಲೆ ಆಗಿ ಹೋಯಿತು. ಅದನ್ನೂ ಪತ್ರದಲ್ಲಿ ಬರೆದೆವು.