ಶಾಲೆಗೆ ಹೊಸ ಕೊಠಡಿ, ಹೊಸ ಕಂಪ್ಯೂಟರ್: ಲೆಕ್ಕ ಎಲ್ಲಿಂದ ಶುರು?

ಹೊಸ ಕೊಠಡಿಯ ಉದ್ಘಾಟನೆಗೆ ಎಲ್ಲರೂ ಬರುತ್ತಾರೆ. ಎರಡು ವರ್ಷ ಬಿಟ್ಟು ಅದರ ಫ್ಯಾನ್ ರಿಪೇರಿಗೆ ದುಡ್ಡು ಎಲ್ಲಿಂದ ತರೋದು ಅಂತ ತಲೆ ಕೆರೆದುಕೊಳ್ಳುವವರು ಖಜಾಂಚಿ ಒಬ್ಬರೇ. ಕಟ್ಟುವ ಖರ್ಚು ಒಂದು ಸಲದ್ದು, ನಡೆಸುವ ಖರ್ಚು ಪ್ರತಿ ತಿಂಗಳದ್ದು. ಎರಡನೆಯದು ಗೊತ್ತಾಗುವ ತನಕ ಮೊದಲನೆಯದಕ್ಕೆ ಕೈ ಹಾಕಬೇಡಿ.

ಮೊದಲ ಕೆಲಸ, ಒಂದು ಜೋರು ಮಳೆ ಬಂದ ಮರುದಿನ ನೋಟ್‌ಬುಕ್ ಹಿಡಿದು ಶಾಲೆ ಸುತ್ತಿ. ತಾರಸಿ, ನೀರು ಹೋಗುವ ಪೈಪು, ಶೌಚಾಲಯ, ಸ್ವಿಚ್ ಬೋರ್ಡಿನ ಸುತ್ತ ಹಬ್ಬಿದ ತೇವದ ಕಲೆ, ಎಲ್ಲ ಬರೆದುಕೊಳ್ಳಿ. ಸೋರುವ ಸೂರಿನ ಕೆಳಗೆ ಕಂಪ್ಯೂಟರ್ ಇಡೋಕಾಗಲ್ಲ, ಅಲ್ವಾ? ಜೊತೆಗೆ ವೇಳಾಪಟ್ಟಿಯನ್ನೂ ನೋಡಿ. ಯಾವ ಕೊಠಡಿ ಎಷ್ಟು ಪೀರಿಯಡ್ ಖಾಲಿ ಬಿದ್ದಿರುತ್ತದೆ ಎಂದು ಎಣಿಸಿದರೆ, ಕೆಲವೊಮ್ಮೆ ಹೊಸ ಕೊಠಡಿಯೇ ಬೇಡವಾಗುತ್ತದೆ.

ಆಮೇಲೆ ಹಣ. ಶುಲ್ಕ ಒಂದೆರಡು ಕಂತಿನಲ್ಲಿ ಒಟ್ಟಿಗೆ ಬರುತ್ತದೆ, ಸಂಬಳ ತಿಂಗಳು ತಿಂಗಳು ಹೋಗುತ್ತದೆ. ಹಾಗಾಗಿ ವರ್ಷದ ಆರಂಭದಲ್ಲಿ ಪಾಸ್‌ಬುಕ್ ನೋಡಿ ಹಿಗ್ಗಬೇಡಿ. ಒಂದು ಹಾಳೆಯಲ್ಲಿ 12 ತಿಂಗಳು ಬರೆದು, ಪ್ರತಿ ತಿಂಗಳು ಬರುವುದು, ಹೋಗುವುದು, ಉಳಿಯುವುದು ಎಷ್ಟೆಂದು ಹಾಕಿ. ಯಾವ ತಿಂಗಳು ಕೈಯಲ್ಲಿ ಅತಿ ಕಡಿಮೆ ಉಳಿಯುತ್ತದೋ, ಆ ಮೊತ್ತವೇ ನಿಮ್ಮ ಮಿತಿ. ಅದರಲ್ಲೂ ತುರ್ತಿಗೆ ಒಂದಿಷ್ಟು ತೆಗೆದಿಟ್ಟು, ಮಿಕ್ಕಿದ್ದರಲ್ಲಿ ಕಟ್ಟಡದ ಮಾತು.

ಕಟ್ಟಡಕ್ಕೆ ಮೊದಲು ನಕ್ಷೆ, ನಂತರ ಅಂದಾಜು ಪಟ್ಟಿ. ಎಲ್ಲ ಗುತ್ತಿಗೆದಾರರಿಗೂ ಒಂದೇ ಪಟ್ಟಿ ಕೊಟ್ಟು ದರ ಕೇಳಿ. ಇಲ್ಲದಿದ್ದರೆ ಒಬ್ಬರು ತಾರಸಿಯ ವಾಟರ್‌ಪ್ರೂಫಿಂಗ್ ಸೇರಿಸಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಬಿಟ್ಟವರದ್ದೇ ಅಗ್ಗ ಅನ್ನಿಸುತ್ತದೆ! ಹಣವನ್ನು ತಳಪಾಯ, ಲಿಂಟೆಲ್ (ಬಾಗಿಲು, ಕಿಟಕಿಯ ಮೇಲಿನ ತೊಲೆ), ತಾರಸಿ, ಗಾರೆ ಎಂದು ಹಂತ ಹಂತವಾಗಿ ಕೊಡಿ. ಬಿಲ್ಲು ಬಂದಾಗ ಎಂಜಿನಿಯರ್ ಜೊತೆ ನೀವೂ ಟೇಪಿನ ಒಂದು ತುದಿ ಹಿಡಿಯಿರಿ. ಬಿಲ್ಲಿನಲ್ಲಿ 20 ಅಡಿ ಇರುವ ಗೋಡೆ ಟೇಪಿನಲ್ಲೂ 20 ಅಡಿ ಇರಬೇಕು. ಕೊನೆಯ 5ರಿಂದ 10 ಶೇಕಡಾ ಹಣವನ್ನು ಒಂದು ಮಳೆಗಾಲ ದಾಟುವವರೆಗೆ ತಡೆಹಿಡಿಯುವ ಷರತ್ತು ಒಪ್ಪಂದದಲ್ಲೇ ಇರಲಿ. ಶಾಲೆ ಶುರುವಾಗುತ್ತದೆ ಎಂದು ಕಾಂಕ್ರೀಟಿಗೆ ಅವಸರ ಮಾಡಬೇಡಿ. ಅದಕ್ಕೆ ಕನಿಷ್ಠ 7 ದಿನ ನೀರುಣಿಸಬೇಕು. ಅದರ ಬಲವನ್ನು ಲೆಕ್ಕ ಹಿಡಿಯುವುದು 28ನೇ ದಿನಕ್ಕೆ.

ಇನ್ನು ಕಂಪ್ಯೂಟರ್, ಸ್ಮಾರ್ಟ್ ಬೋರ್ಡ್. "ಇದರಲ್ಲಿ ಯಾವ ಪಾಠ ಮಾಡ್ತೀರಿ?" ಎಂದು ಮೊದಲು ಶಿಕ್ಷಕರನ್ನು ಕೇಳಿ. ಉತ್ತರ ಬರದಿದ್ದರೆ ಆ ಬೋರ್ಡು ಬಟ್ಟೆ ಹೊದ್ದು ಕೂರುತ್ತದೆ, ಅಷ್ಟೇ. ಬೆಲೆಯ ಪಕ್ಕದಲ್ಲೇ ವೈರಿಂಗ್, ಅರ್ಥಿಂಗ್, ಇಂಟರ್‌ನೆಟ್, ತರಬೇತಿ, ಯುಪಿಎಸ್ ಬ್ಯಾಟರಿ ಬರೆಯಿರಿ. ಲ್ಯಾಪ್‌ಟಾಪ್ ಐದು ವರ್ಷ ಬಾಳುತ್ತದೆ ಎಂದುಕೊಂಡರೆ, ಬೆಲೆಯ ಐದನೇ ಒಂದು ಭಾಗವನ್ನು ಪ್ರತಿ ವರ್ಷ ಬೇರೆ ಖಾತೆಗೆ ಹಾಕಿ. ಎಲ್ಲವನ್ನೂ ಒಟ್ಟಿಗೆ ಕೊಂಡರೆ ಎಲ್ಲವೂ ಒಟ್ಟಿಗೇ ಹಳತಾಗುತ್ತವೆ. ವರ್ಷಕ್ಕೆ ಸ್ವಲ್ಪ ಸ್ವಲ್ಪ ಬದಲಾಯಿಸಿ.

ದಾನವಾಗಿ ಬರುವ ಹಳೆಯ ಕಂಪ್ಯೂಟರ್ ಬಗ್ಗೆ ಜಾಸ್ತಿ ಹುಷಾರಾಗಿರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ, ಅಂದರೆ ಸುರಕ್ಷತೆಯ ಉಚಿತ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಎಷ್ಟೋ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹೀಗಿರುವಾಗ ಪುಕ್ಕಟೆ ಬಂದದ್ದೂ ಆನೆ ಸಾಕಿದ ಹಾಗೆ.

ಕೊನೆಯದು, ಕಾಗದಪತ್ರ. ಬೇಸರದ ಕೆಲಸ, ನಿಜ. ಆರ್ಡರ್ ಕೊಡುವವರು, ಸಾಮಾನು ಎಣಿಸಿಕೊಳ್ಳುವವರು, ಚೆಕ್ ಬರೆಯುವವರು ಬೇರೆ ಬೇರೆ ಇರಲಿ. ಚೆಕ್ಕಿಗೆ ಎರಡು ಸಹಿ. ಪ್ರತಿ ತಿಂಗಳ ಸಭೆಗೆ ಒಂದೇ ಹಾಳೆ ಸಾಕು: ಇಟ್ಟ ಹಣ, ಖರ್ಚಾದದ್ದು, ಒಪ್ಪಿಕೊಂಡು ಇನ್ನೂ ಕೊಡದಿರುವುದು. ಮೋಸ ಹೋಗುವುದು ಈ ಮೂರನೇ ಕಾಲಂನಲ್ಲಿ. ಅದನ್ನು ಖಾಲಿ ಬಿಟ್ಟು ತಂದರೆ ಹಾಳೆಯನ್ನು ಓದದೆ ವಾಪಸ್ ಕಳಿಸಿ.