ಒಂದೇ ಕೈಯಲ್ಲಿ ಬಳಸುವಂಥ ಫೋನ್ ಬೇಕೇ? ಇಂಚು ಬಿಡಿ, ಅಗಲ ನೋಡಿ

ಬಸ್ಸಿನಲ್ಲಿ ನಿಂತಿದ್ದೀರಿ. ಎಡಗೈ ಮೇಲಿನ ಕಂಬಿ ಹಿಡಿದಿದೆ, ಹೆಗಲಲ್ಲಿ ಬ್ಯಾಗು. ಟಿಕೆಟ್ ದುಡ್ಡು ಕೊಡಲು ಫೋನ್ ತೆಗೆದರೆ, ಪರದೆಯ ಮೇಲಿನ ಎಡ ಮೂಲೆಗೆ ಬಲಗೈ ಹೆಬ್ಬೆರಳು ಎಟುಕುವುದೇ ಇಲ್ಲ. ಫೋನನ್ನು ಅಂಗೈಯಲ್ಲೇ ಕೆಳಗೆ ಜಾರಿಸಿ, ಕಿರುಬೆರಳ ಮೇಲೆ ಕೂರಿಸಿ, ಹೇಗೋ ಮುಟ್ಟುತ್ತೀರಿ. ಫೋನ್ ಕೈಜಾರುವುದು ಈ ಗಳಿಗೆಯಲ್ಲೇ.

ನಮ್ಮ ಅಮ್ಮನಿಗೆ ಹೆಬ್ಬೆರಳ ಬುಡ ನೋಯತೊಡಗಿದಾಗ ನಾನು ಚಿಕ್ಕ ಫೋನ್ ಹುಡುಕಲು ಹೊರಟೆ. ಅಂಗಡಿಯಲ್ಲಿ ಸಿಕ್ಕ ಉತ್ತರ: ‘ಈಗೆಲ್ಲಾ ದೊಡ್ಡದೇ ಬರೋದು ಮೇಡಂ’. ಅದು ಅರ್ಧ ನಿಜ. ಆ್ಯಪಲ್ 2020ರಲ್ಲಿ ಐಫೋನ್ 12 ಮಿನಿ, 2021ರಲ್ಲಿ 13 ಮಿನಿ ತಂದಿತು. 2022ರಲ್ಲಿ ಮಿನಿಯನ್ನು ಕೈಬಿಟ್ಟು ಅದರ ಬದಲು ದೊಡ್ಡ ಪ್ಲಸ್ ತಂದಿತು. ಆದರೂ ಹುಡುಕುವ ದಾರಿ ಗೊತ್ತಿದ್ದರೆ ಕೈಗೆ ಒಗ್ಗುವ ಫೋನ್ ಇಂದಿಗೂ ಸಿಗುತ್ತದೆ.

ಇಂಚು ಯಾಕೆ ದಾರಿ ತಪ್ಪಿಸುತ್ತದೆ

ಜಾಹೀರಾತಿನಲ್ಲಿ ಕಾಣುವ ಇಂಚು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದದ್ದು. ಕೈಗೆ ಬೇಕಾದ ಲೆಕ್ಕ ಅದಲ್ಲ. 2011ರಲ್ಲಿ ಬಂದ ಮೊದಲ ಗ್ಯಾಲಕ್ಸಿ ನೋಟ್‌ನ ಪರದೆ 5.3 ಇಂಚು. ಅದು ಬಂದಾಗ ‘ಇದೇನು ಇಷ್ಟು ದೊಡ್ಡದು’ ಎಂದು ಜನ ಬೆರಗಾಗಿದ್ದರು. ಐಫೋನ್ 13 ಮಿನಿಯ ಪರದೆ 5.4 ಇಂಚು. ಇಂಚಿನಲ್ಲಿ ಮಿನಿಯೇ ದೊಡ್ಡದು! ಆದರೆ ನೋಟ್‌ನ ಅಗಲ 83 ಮಿಲಿಮೀಟರ್, ಮಿನಿಯದು 64.2. ಹಳೆಯ ಫೋನ್‌ಗಳು ಗಿಡ್ಡಗೆ ಅಗಲವಾಗಿದ್ದವು, ಪರದೆಯ ಸುತ್ತ ದಪ್ಪ ಅಂಚೂ ಇತ್ತು. ಈಗಿನವು ಉದ್ದಕ್ಕೆ, ಸಪೂರ. ಹಾಗಾಗಿ ಇಂಚು ಮರೆತುಬಿಡಿ. ಬೆರಳುಗಳು ಸುತ್ತಿ ಹಿಡಿಯುವುದು ಅಗಲವನ್ನು. ಮೊದಲು ನೋಡಬೇಕಾದದ್ದು ಅದನ್ನೇ, ಆಮೇಲೆ ತೂಕ, ಕೊನೆಗೆ ಉದ್ದ.

ಮೊದಲು ಕೈಯಲ್ಲಿರುವ ಫೋನ್ ಅಳೆಯಿರಿ

ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಸಾಕು. ಈಗಿನ ಫೋನಿನ ಅಗಲ, ಉದ್ದ ಎರಡನ್ನೂ ಕವರ್ ಸಮೇತ ಅಳೆದು ಬರೆದಿಡಿ. ಕವರ್ ಸೇರಿಸಲೇಬೇಕು. ದಪ್ಪ ಕವರ್ ಅಗಲಕ್ಕೆ ಮೂರ್ನಾಲ್ಕು ಮಿ.ಮೀ. ಕೂಡಿಸುತ್ತದೆ, ತೂಕವನ್ನೂ ಏರಿಸುತ್ತದೆ. ಕಡಿಮೆ ಬೆಲೆಯ ಹೆಚ್ಚಿನ ಫೋನ್‌ಗಳ ಅಗಲ 75 ಮಿ.ಮೀ. ದಾಟಿರುತ್ತದೆ. ರೆಡ್ಮಿ 13ಸಿಯ ಅಗಲ 78, ಉದ್ದ 168. ಅಮ್ಮನ ಹಳೆಯ ಫೋನ್ ಕವರ್ ಸೇರಿ 80 ಇತ್ತು. ನೋವು ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು.

ನಂತರ ಫೋನನ್ನು ಮಾಮೂಲಿಯಾಗಿ ಹಿಡಿಯಿರಿ. ಹಿಡಿತ ಬದಲಿಸದೆ ಹೆಬ್ಬೆರಳನ್ನು ಪರದೆ ಮೇಲೆ ಆಡಿಸಿ. ಎಲ್ಲಿವರೆಗೆ ಮುಟ್ಟುತ್ತದೆ, ಎಲ್ಲಿ ಎಳೆದಂತಾಗುತ್ತದೆ? ನಿಮಗೆ ಅಗಲ ತೊಂದರೆಯೋ ಉದ್ದವೋ ಎಂಬುದು ಇಲ್ಲೇ ತಿಳಿಯುತ್ತದೆ. ಉದ್ದ ಮಾತ್ರ ತೊಂದರೆ ಎಂದಾದರೆ ಹೊಸ ಫೋನೇ ಬೇಕಾಗಲಿಕ್ಕಿಲ್ಲ. ಅದರ ಉಪಾಯ ಕೊನೆಯಲ್ಲಿದೆ.

ಪರ್ಸಿನಲ್ಲೇ ಅಳತೆ ಇದೆ

ಮಿಲಿಮೀಟರ್ ಲೆಕ್ಕ ತಲೆಗೆ ಹತ್ತದಿದ್ದರೆ ನೋಟು ತೆಗೆಯಿರಿ. ಹೊಸ 20 ರೂಪಾಯಿ ನೋಟು 63 ಮಿ.ಮೀ. ಅಗಲ, 129 ಉದ್ದ. ಐಫೋನ್ ಮಿನಿ ಹೆಚ್ಚುಕಮ್ಮಿ ಅಷ್ಟೇ. 200ರ ನೋಟು 66ಕ್ಕೆ 146. ಗ್ಯಾಲಕ್ಸಿ ಎಸ್25ರ ಉದ್ದ ಹತ್ತಿರಹತ್ತಿರ ಅಷ್ಟೇ, ಅಗಲ ಮಾತ್ರ ನಾಲ್ಕೂವರೆ ಮಿ.ಮೀ. ಜಾಸ್ತಿ. 500ರ ನೋಟು 66ಕ್ಕೆ 150. ನೋಡುತ್ತಿರುವ ಫೋನ್ ಇದಕ್ಕಿಂತ ಉದ್ದವಿದ್ದರೆ ಅದನ್ನು ಚಿಕ್ಕದು ಎನ್ನಲಾಗದು.

ಇನ್ನೂ ಒಳ್ಳೆಯ ದಾರಿ ರಟ್ಟು. ಮನೆಯಲ್ಲಿ ಹಳೆಯ ಲಗ್ನಪತ್ರಿಕೆ ಇದ್ದೇ ಇರುತ್ತದೆ ಅಲ್ವಾ? ಫೋನ್ ಕಂಪನಿಯ ವೆಬ್‌ಸೈಟಿನಲ್ಲಿ ‘ಡೈಮೆನ್ಷನ್ಸ್’ ಎಂಬಲ್ಲಿ ಉದ್ದ, ಅಗಲ, ದಪ್ಪ ಕೊಟ್ಟಿರುತ್ತಾರೆ. ಆ ಅಳತೆಗೆ ರಟ್ಟು ಕತ್ತರಿಸಿ. ಎಂಟು ಮಿ.ಮೀ. ದಪ್ಪ ಬರುವಷ್ಟು ತುಂಡು ಒಂದರ ಮೇಲೊಂದು ಅಂಟಿಸಿ. ತೂಕಕ್ಕೆ ನಡುವೆ ನಾಣ್ಯ ಸೇರಿಸಿ. ಒಂದು 10 ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ. ಒಂದು ದಿನ ಈ ರಟ್ಟಿನ ಫೋನನ್ನು ಜೇಬಿನಲ್ಲಿಟ್ಟು ಓಡಾಡಿ. ನಾವು ಹೀಗೆ ಮೂರು ಅಳತೆ ಮಾಡಿದೆವು. ಅಮ್ಮ ಎರಡೇ ನಿಮಿಷದಲ್ಲಿ ತನ್ನದನ್ನು ಆರಿಸಿಕೊಂಡರು. ಅವರ ಮಿತಿ 71 ಮಿ.ಮೀ. ಎಂದು ಖಾತ್ರಿಯಾಯಿತು.

ಈಗ ಪಟ್ಟಿ ಮಾಡಿ

ನಿಮ್ಮ ಮಿತಿ 72 ಮಿ.ಮೀ. ಒಳಗಿದ್ದರೆ ಆಯ್ಕೆ ಕಡಿಮೆ, ಆದರೆ ಇದೆ. ಗ್ಯಾಲಕ್ಸಿ ಎಸ್25: ಅಗಲ 70.5, ತೂಕ 162 ಗ್ರಾಂ. ಐಫೋನ್ 16: 71.6, 170 ಗ್ರಾಂ. ಒನ್‌ಪ್ಲಸ್ 13ಎಸ್: 71.7, 185 ಗ್ರಾಂ. ಕೊನೆಯ ಎರಡರ ಅಗಲ ಹೆಚ್ಚುಕಮ್ಮಿ ಒಂದೇ, ಆದರೆ ತೂಕದಲ್ಲಿ 15 ಗ್ರಾಂ ಅಂತರ. ರಾತ್ರಿ ಮಲಗಿಕೊಂಡು ಓದುವವರಿಗೆ ಅದು ಗೊತ್ತಾಗುತ್ತದೆ.

‘ಚಿಕ್ಕ ಫೋನಿನಲ್ಲಿ ಚಾರ್ಜ್ ನಿಲ್ಲಲ್ಲ’ ಎಂಬ ಮಾತು ಮಿನಿಗಳ ಕಾಲಕ್ಕೆ ಸರಿ. 12 ಮಿನಿಯ ಬ್ಯಾಟರಿ 2227 ಎಂಎಎಚ್ ಮಾತ್ರ. ಎಸ್25ರಲ್ಲಿ 4000 ಇದೆ. ಒನ್‌ಪ್ಲಸ್ 13ಎಸ್‌ನಲ್ಲಿ 5850! ಅದರಲ್ಲಿರುವ ಸಿಲಿಕಾನ್ ಕಾರ್ಬನ್ ಬಗೆಯ ಬ್ಯಾಟರಿ ಅಷ್ಟೇ ಜಾಗದಲ್ಲಿ ಜಾಸ್ತಿ ಚಾರ್ಜ್ ಹಿಡಿಯುತ್ತದೆ. ಚಿಕ್ಕ ಫೋನ್ ಇಷ್ಟಪಡುವವರಿಗೆ ಇತ್ತೀಚೆಗೆ ಬಂದ ಒಳ್ಳೆಯ ಸುದ್ದಿ ಇದು.

ಮಡಚುವ ಫ್ಲಿಪ್ ಫೋನ್ ಜೇಬಿಗೆ ಚಿಕ್ಕದು, ಕೈಗೆ ಅಲ್ಲ. ಗ್ಯಾಲಕ್ಸಿ ಝೆಡ್ ಫ್ಲಿಪ್5ರ ಉದ್ದ ಮಡಚಿದಾಗ 85 ಮಿ.ಮೀ., ಬಿಚ್ಚಿದರೆ 165. ಅಗಲ ಹೇಗಿದ್ದರೂ ಸುಮಾರು 72.

ಬೇಸರದ ಸಂಗತಿ ಎಂದರೆ ಇವೆಲ್ಲ ದುಬಾರಿ. ಹದಿನೈದು ಸಾವಿರದೊಳಗೆ ಹೊಸ ಚಿಕ್ಕ ಫೋನ್ ಹುಡುಕುವುದು ತುಂಬಾ ಕಷ್ಟ. ಕೈ ಚಿಕ್ಕದಿರುವವರ ದುಡ್ಡೂ ದುಡ್ಡೇ ತಾನೇ? ಕಂಪನಿಗಳು ಈ ಕಡೆ ಗಮನ ಕೊಡಲೇಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಆದ್ದರಿಂದ ಹಲವರಿಗೆ ಸೆಕೆಂಡ್ ಹ್ಯಾಂಡೇ ದಾರಿ. ನಾವೂ ಕೊನೆಗೆ ಕೊಂಡದ್ದು ಬಳಸಿದ ಗ್ಯಾಲಕ್ಸಿ ಎಸ್23. ಅಗಲ 70.9, ತೂಕ 168 ಗ್ರಾಂ. ಕೊಳ್ಳುವ ಮೊದಲು ಫೋನಿನಲ್ಲಿ *#06# ಒತ್ತಿ. ಆ ಫೋನಿನ ಗುರುತಾದ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕೆ-ವೈ-ಎಂ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಹಾಕಿ 14422ಕ್ಕೆ ಕಳಿಸಿ. ಕಳುವಾದ ಫೋನ್ ಎಂದು ಬ್ಲಾಕ್ ಆಗಿದ್ದರೆ ತಿಳಿಯುತ್ತದೆ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡಿ. ಶೇ. 80ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸುವ ಖರ್ಚನ್ನೂ ಬೆಲೆಗೆ ಕೂಡಿಸಿಕೊಳ್ಳಿ. ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋದ ಫೋನ್ ಬೇಡ. ಅದರಲ್ಲೇ ಯುಪಿಐ ದುಡ್ಡು ಓಡಾಡುತ್ತದೆ.

ಅಂಗಡಿಯಲ್ಲಿ ಐದು ನಿಮಿಷ

ಅಂಗಡಿಯಲ್ಲಿ ಡೆಮೊ ಫೋನ್ ಕೇಳಿ, ನಿಂತುಕೊಂಡೇ ಒಂದು ಕೈಯಲ್ಲಿ ಹಿಡಿಯಿರಿ. ಮೇಲಿನಿಂದ ನೋಟಿಫಿಕೇಶನ್ ಎಳೆಯಿರಿ. ಹಿಡಿತ ಬದಲಿಸದೆ ಪವರ್ ಬಟನ್ ಒತ್ತಿ. ಆಮೇಲೆ ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡಿ. ಇದನ್ನು ಮರೆಯಬೇಡಿ. ಕನ್ನಡ ಕೀಬೋರ್ಡಿನಲ್ಲಿ ಕೀಗಳು ಜಾಸ್ತಿ. ಪರದೆ ಕಿರಿದಾದಷ್ಟೂ ಕೀಗಳೂ ಕಿರಿದು. ‘ಕೃಷ್ಣನ ಅಂಗಡಿಯಲ್ಲಿ ಸಕ್ಕರೆ ತಗೊಂಡೆ’ ಎಂದು ಒತ್ತಕ್ಷರ ಇರುವ ಸಾಲನ್ನೇ ಬರೆಯಿರಿ. ಪದೇ ಪದೇ ತಪ್ಪು ಬೀಳುತ್ತಿದ್ದರೆ ಒಂದು ಅಳತೆ ದೊಡ್ಡದೇ ನಿಮಗೆ ಸರಿ. ಬಾಯಲ್ಲಿ ಹೇಳಿ ಬರೆಸುವವರಿಗೆ ಈ ತೊಂದರೆ ಇಲ್ಲ.

ಈಗಿನ ಫೋನೇ ಇರಲಿ ಅನ್ನುವವರಿಗೆ

ಆಂಡ್ರಾಯ್ಡ್ 12ರಿಂದ ಒನ್ ಹ್ಯಾಂಡೆಡ್ ಮೋಡ್ ಬಂದಿದೆ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಈ ಹೆಸರು ಹಾಕಿ, ಆನ್ ಮಾಡಿ. ಪರದೆಯ ಮೇಲ್ಭಾಗ ಕೆಳಗಿಳಿದು ಹೆಬ್ಬೆರಳಿಗೆ ಸಿಗುತ್ತದೆ. ಐಫೋನಿನಲ್ಲಿ ಇದರ ಹೆಸರು ರೀಚೆಬಿಲಿಟಿ. ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಟಚ್ ಎಂದು ಹೋದರೆ ಸಿಗುತ್ತದೆ. ಗೂಗಲ್ ಕೀಬೋರ್ಡಿಗೂ ಒಂದು ಕೈಯ ಬಗೆ ಇದೆ. ಆರಿಸಿಕೊಂಡರೆ ಕೀಗಳೆಲ್ಲ ಒಂದು ಪಕ್ಕಕ್ಕೆ ಸರಿಯುತ್ತವೆ. ದಿನಾ ಬಳಸುವ ಆ್ಯಪ್‌ಗಳನ್ನು ಪರದೆಯ ಕೆಳಗಿನ ಎರಡು ಸಾಲಿಗೆ ಇಳಿಸಿ. ದಪ್ಪ ಕವರ್ ತೆಗೆದು ತೆಳುವಾದದ್ದು ಹಾಕಿ. ಬೀಳುವ ಭಯವಿದ್ದರೆ ಮಣಿಕಟ್ಟಿಗೆ ಸಿಕ್ಕಿಸುವ ದಾರ ಕಟ್ಟಿಕೊಳ್ಳಿ. ಅಮ್ಮ ಹೊಸ ಫೋನಿಗೂ ಅದನ್ನು ಕಟ್ಟಿಕೊಂಡಿದ್ದಾರೆ.