ಮಡಿಕೇರಿಯ ಮಳೆಯಲ್ಲಿ ಒಂದು ಡಯೋಡ್

ಜುಲೈನಲ್ಲಿ ಮಡಿಕೇರಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ಅಂಥ ತಿಂಗಳಲ್ಲೇ ನಾನು ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಡಯೋಡ್ ಹಿಡಿದು ಕೂತೆ.

ಇದರ ಬ್ಯಾಂಡ್ ಗ್ಯಾಪ್, ಅಂದರೆ ಒಳಗಿನ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಕನಿಷ್ಠ ಶಕ್ತಿ, 1.42 ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ ತರಂಗಾಂತರ 870 ನ್ಯಾನೋಮೀಟರ್ ದಾಟಿದ, ಅಷ್ಟು ಶಕ್ತಿಯಿಲ್ಲದ ಬೆಳಕನ್ನು ಅದು ಹೆಚ್ಚುಕಡಿಮೆ ಹೀರುವುದೇ ಇಲ್ಲ. ಆದರೆ ಜೋರಾದ ವಿದ್ಯುತ್ ಕ್ಷೇತ್ರ ಕೊಟ್ಟರೆ 890ರ ಬೆಳಕನ್ನೂ ಸ್ವಲ್ಪ ಹೀರುತ್ತದೆ. ಫ್ರಾಂಜ್ ಮತ್ತು ಕೆಲ್ಡಿಶ್ ಎಂಬ ಭೌತವಿಜ್ಞಾನಿಗಳು 1958ರಲ್ಲಿ ಬೇರೆಬೇರೆಯಾಗಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು.

ನನ್ನ ಡಯೋಡಿನ ನಡುವಿನ ಪದರ ಒಂದು ಮೈಕ್ರೋಮೀಟರ್ ದಪ್ಪ. ರಿವರ್ಸ್‌ನಲ್ಲಿ (ಕರೆಂಟ್ ಸಾಮಾನ್ಯವಾಗಿ ಹರಿಯದ ದಿಕ್ಕಿನಲ್ಲಿ) 10 ವೋಲ್ಟ್ ಹಾಕಿದರೆ ಕ್ಷೇತ್ರ ಸೆಂಟಿಮೀಟರಿಗೆ ಒಂದು ಲಕ್ಷ ವೋಲ್ಟ್ ಆಯಿತು! ಹೀರಿದ ಬೆಳಕು ಡಯೋಡಿನಲ್ಲಿ ಕರೆಂಟಾಗುತ್ತದೆ. 890ರ ಬೆಳಕು ಬಿಟ್ಟೆ, ವೋಲ್ಟೇಜ್ ಏರಿಸಿದೆ, ಕರೆಂಟೂ ಏರಿತು. ಖುಷಿಯೋ ಖುಷಿ. ಆಮೇಲೆ ಸುಮ್ನೆ ದೀಪ ಆರಿಸಿ ನೋಡಿದರೆ ಆಗಲೂ ಅಷ್ಟೇ ಏರುತ್ತಿದೆ. ತೇವಕ್ಕೆ ಡಯೋಡಿನ ಮೈಮೇಲೆ ಸೋರಿಕೆ!

"ಒಲೆ ಮೇಲಿನ ಅಟ್ಟದಲ್ಲಿ ಇಡೋ, ಒಣಗತ್ತೆ" ಅಂದರು ಅಮ್ಮ. ಮೆಣಸಿಗೆ ಸರಿ, ಹೊಗೆ ಲೆನ್ಸಿಗೆ ಆಗದು. ಸಿಲಿಕಾ ಜೆಲ್ಲನ್ನು ಬಾಣಲೆಯಲ್ಲಿ ಬಿಸಿಮಾಡಿ ಡಬ್ಬಿಗೆ ಹಾಕಿ, ಅದರೊಳಗೆ ಡಯೋಡ್ ಇಟ್ಟೆ. ಬೆಳಕಿನ ದಾರಿಗೆ ಚಾಪರ್ ಹಾಕಿದೆ, ಅಂದರೆ ಬೆಳಕನ್ನು ತಡೆದು ಬಿಟ್ಟು ಮಾಡುವ ತಿರುಗುವ ಚಕ್ರ. ಅದರ ತಾಳಕ್ಕೆ ಕುಣಿಯುವ ಕರೆಂಟನ್ನು ಮಾತ್ರ ಲಾಕ್-ಇನ್ ಎಂಬ ಅಳತೆಯ ಉಪಕರಣ ಅಳೆಯುತ್ತದೆ, ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಮೋಸ ಬಿಸಿಯದ್ದು. ಡಯೋಡ್ 10 ಡಿಗ್ರಿ ಬಿಸಿಯಾದರೆ, ಬೆಳಕು ಹೀರುವುದು ನಿಲ್ಲುವ 870ರ ಅಂಚು ಸುಮಾರು 3 ನ್ಯಾನೋಮೀಟರ್ ಆಚೆ ಸರಿಯುತ್ತದೆ. ಬೆಳಿಗ್ಗೆ ಒಂದು ಅಳತೆ, ಮಧ್ಯಾಹ್ನ ಇನ್ನೊಂದು ತೆಗೆದು ಹೋಲಿಸಿದರೆ ಕೆಟ್ಟಿತು. ಹಾಗಾಗಿ ಪ್ರತಿ ತರಂಗಾಂತರಕ್ಕೂ ಒಮ್ಮೆ ಸೊನ್ನೆ, ಒಮ್ಮೆ 10 ವೋಲ್ಟ್, ಕೂಡಲೇ ಅಳೆದೆ. ಸೊನ್ನೆ ಅಂದರೂ ಡಯೋಡಿನೊಳಗೆ ಅದರದ್ದೇ ಕ್ಷೇತ್ರ ಇದ್ದೇ ಇರುತ್ತದೆ, ಮರೆಯಬಾರದು.

ವೋಲ್ಟೇಜ್ ಗ್ಯಾಪನ್ನೇ ಕುಗ್ಗಿಸುತ್ತದೆ ಅಂದುಕೊಂಡಿದ್ದೆ. ಅಲ್ಲ. ಗ್ಯಾಪ್ ಅಷ್ಟೇ ಇರುತ್ತದೆ, ಬ್ಯಾಂಡುಗಳು (ಎಲೆಕ್ಟ್ರಾನುಗಳ ಶಕ್ತಿಯ ಮಟ್ಟಗಳು) ನಮ್ಮ ಕಾಫಿ ತೋಟದ ಇಳಿಜಾರಿನ ಹಾಗೆ ವಾಲುತ್ತವೆ. 890ರ ಫೋಟಾನಿಗೆ ಕಡಿಮೆ ಬೀಳುವುದು ಸುಮಾರು 0.03 ಎಲೆಕ್ಟ್ರಾನ್ ವೋಲ್ಟ್. ಈ ಇಳಿಜಾರಿನಲ್ಲಿ ಅಷ್ಟನ್ನು ತುಂಬಿಕೊಳ್ಳಲು 3 ನ್ಯಾನೋಮೀಟರ್ ಪಕ್ಕಕ್ಕೆ ಹೋದರೆ ಸಾಕು. ಎಲೆಕ್ಟ್ರಾನಿನ ಅಲೆಯ ಬಾಲ ಅಷ್ಟು ದೂರ ಚಾಚುತ್ತದೆ. 2 ವೋಲ್ಟಿಗಾದರೆ ಇನ್ನೂ ತುಂಬ ದೂರ ಹೋಗಬೇಕಾಗುತ್ತಿತ್ತು, ಕಷ್ಟ ಅಲ್ವಾ?

ಕೊನೆಗೆ 800ರಲ್ಲಿ ಎರಡೂ ಅಳತೆ ಬಹುತೇಕ ಒಂದೇ ಬಂತು, 890ರಲ್ಲಿ ಚೆನ್ನಾಗಿ ಬೇರೆಯಾಯಿತು. ಅಂಚಿನ ಮೇಲ್ಗಡೆ, ಅಂದರೆ ಶಕ್ತಿ ಹೆಚ್ಚಿರುವ 870ಕ್ಕಿಂತ ಕಡಿಮೆ ತರಂಗಾಂತರದ ಕಡೆ, ಕಾಣಬೇಕಾದ ಏರಿಳಿತ ಮಾತ್ರ ಸಿಗಲಿಲ್ಲ. ಐದೈದು ನ್ಯಾನೋಮೀಟರ್ ಹೆಜ್ಜೆಯಲ್ಲಿ ಅಳೆದಿದ್ದೆ, ಅದು ಜಾಸ್ತಿಯಾಯಿತೇನೋ ಅನ್ನಿಸಿತು. ಒಂದೊಂದರಂತೆ ಅಳೆಯಲು ಹೊರಟ ದಿನ ಕರೆಂಟ್ ಹೋಗಿ ಮೂರು ದಿನ ಬರಲಿಲ್ಲ.